ಮೊದಲು ರಿಫಿಲ್ ನೋಡಿ, ಆಮೇಲೆ ಪೆನ್ನು: ದೂಳು, ಮಳೆ, ಬಿಸಿಲಿಗೆ ತಡೆಯುವ ಪೆನ್ನು ಆರಿಸುವುದು ಹೇಗೆ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾದರೆ ದಲಾಲಿ ಅಂಗಡಿಯ ಗುಮಾಸ್ತರಿಗೆ ಬಿಡುವೇ ಇರುವುದಿಲ್ಲ. ಲಾಟಿನ ನಂಬರು, ಚೀಲದ ಲೆಕ್ಕ, ತೂಕ ಎಲ್ಲವನ್ನೂ ನಿಂತಲ್ಲೇ ಬರೆಯಬೇಕು, ಅದೂ ಕಣ್ಣು ಮೂಗು ಉರಿಯುವ ಘಾಟಿನಲ್ಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಜಮೀನು ಅಳೆಯುವವರ ಕೈಯಲ್ಲಿ ಕಾಗದವೇ ಮೆತ್ತಗಾಗಿರುತ್ತದೆ. ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪುಗಳಲ್ಲಿ ಜಾಬ್ ಕಾರ್ಡಿನ ತುಂಬ ಎಣ್ಣೆ ಬೆರಳಿನ ಗುರುತು. ಇಷ್ಟು ಕಷ್ಟದ ಜಾಗದಲ್ಲಿ ಬರೆಯುವವರು ಪೆನ್ನನ್ನು ಮಾತ್ರ ಅಂಗಡಿಯವರು ಕೊಟ್ಟಿದ್ದೇ ಸಾಕು ಅಂತ ಜೇಬಿಗೆ ಹಾಕಿಕೊಂಡು ಬರುತ್ತಾರೆ. ತೂಕದ ಚೀಟಿಯಲ್ಲಿ ಒಂದು ಅಂಕಿ ಅಳಿಸಿ ಹೋದರೆ ಯಾರ ದುಡ್ಡು ಹೋಗುತ್ತದೆ ಹೇಳಿ? ಹೆಚ್ಚಿನ ಸಲ ರೈತರದ್ದೇ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ನನ್ನ ಮಾತು ಇಷ್ಟೇ: ಪೆನ್ನಿನ ಚಂದ ನೋಡಬೇಡಿ, ಒಳಗಿನ ರಿಫಿಲ್ ನೋಡಿ. ಬರೆಯುವುದು ಅದು. ಬಾಡಿ ಅದನ್ನು ಕಾಯುವುದಕ್ಕೆ ಇದೆ.

ಹಂತ 1: ಯಾವುದರ ಮೇಲೆ ಬರೆಯುತ್ತೀರಿ?

ಈ ಕೆಲಸ ಅಂಗಡಿಗೆ ಹೋಗುವ ಮುಂಚೆಯೇ ಆಗಬೇಕು. ಬಿಲ್ ಬುಕ್ಕಿನಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆಯುವವರಿಗೆ ಬಾಲ್ ಪೆನ್ನೇ ಬೇಕು. ಅದನ್ನು ಒತ್ತಿ ಬರೆಯಬಹುದು, ಕೆಳಗಿನ ಪ್ರತಿಗೂ ಅಚ್ಚು ಬೀಳುತ್ತದೆ. ಜೆಲ್ ಪೆನ್ನು, ಇಂಕ್ ಪೆನ್ನು ಇರುವುದೇ ಹಗುರವಾಗಿ ಬರೆಯುವುದಕ್ಕೆ. ಅವನ್ನು ಕಾರ್ಬನ್ ಮೇಲೆ ಒತ್ತಿದರೆ ತುದಿ ಹಾಳಾಗುತ್ತದೆ, ಅಡಿಯ ಪ್ರತಿಯೂ ಮಸುಕಾಗಿರುತ್ತದೆ.

ಗೋಣಿಚೀಲಕ್ಕೆ ಕಟ್ಟುವ ಚೀಟಿ, ರಟ್ಟಿನ ಡಬ್ಬ, ಒರಟು ಕಾಗದ ಜಾಸ್ತಿ ಇದ್ದರೆ 1 ಮಿ.ಮೀ. ಬಾಲ್ ಇರುವುದನ್ನು ತೆಗೆದುಕೊಳ್ಳಿ. ಖಾತೆ ಪುಸ್ತಕಕ್ಕೆ 0.7 ಮಿ.ಮೀ. ಸರಿ. 0.5 ಮಿ.ಮೀ. ತುದಿ ಅಕ್ಷರ ಚಂದ ಬರೆಯುತ್ತದೆ ನಿಜ, ಆದರೆ ಒರಟು ಕಾಗದದಲ್ಲಿ ಕೆರೆಯುತ್ತದೆ, ನಾರು ಸಿಕ್ಕಿಹಾಕಿಕೊಂಡು ಬೇಗ ನಿಲ್ಲುತ್ತದೆ. ಹೊರಗಿನ ಕೆಲಸಕ್ಕೆ ಅದು ಬೇಡ.

ಪ್ಲಾಸ್ಟಿಕ್ ಚೀಲ, ತಾಡಪತ್ರಿ, ಪೈಪಿನ ಮೇಲೆ ಬರೆಯಲು ಯಾವ ಪೆನ್ನೂ ಆಗುವುದಿಲ್ಲ. ಅಲ್ಲಿ ಪರ್ಮನೆಂಟ್ ಮಾರ್ಕರ್ ಬೇಕು, ಅದರಲ್ಲೂ ಕಪ್ಪು. ಬಿಸಿಲಿಗೆ ಬಣ್ಣದ ಮಾರ್ಕರುಗಳು ಕಪ್ಪಿಗಿಂತ ಬೇಗ ಮಾಸುತ್ತವೆ.

ರಾಣೆಬೆನ್ನೂರು ಕಡೆ ಬೀಜದ ಪ್ಲಾಟುಗಳಲ್ಲಿ ಗಿಡಕ್ಕೆ ಟ್ಯಾಗ್ ಕಟ್ಟುವವರಿಗೆ ನಾನು ಹೇಳುವುದು ಪೆನ್ಸಿಲ್. ಹೌದು, ಸುಮ್ನೆ ಒಂದು ಪೆನ್ಸಿಲ್. ಅದರ ಕಡ್ಡಿಯಲ್ಲಿರುವುದು ಗ್ರಾಫೈಟ್, ಅಂದರೆ ಇಂಗಾಲ. ಮಳೆಗೆ ಹರಡುವುದಿಲ್ಲ, ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಒಂದೇ ಷರತ್ತು, ಬರೆಯುವಾಗ ಟ್ಯಾಗ್ ಒಣಗಿರಬೇಕು. ಗಿಡಗಳ ಮೇಲೆ ಸಂಶೋಧನೆ ಮಾಡುವವರು ಹೊಲದಲ್ಲಿ ಪೆನ್ಸಿಲ್ಲನ್ನೇ ನಂಬುವುದು ಇದಕ್ಕೇ.

ಹಂತ 2: ಇಂಕು ಯಾವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಮುಕ್ಕಾಲು ಪಾಲು ತೊಂದರೆ ಇಲ್ಲೇ ಶುರುವಾಗುತ್ತದೆ.

ಬಾಲ್ ಪೆನ್ನಿನ ಇಂಕು ಎಣ್ಣೆಯಂಥ ದ್ರವದಲ್ಲಿ ಕಲಸಿದ ಗಟ್ಟಿ ಪೇಸ್ಟು. ಬೇಗ ಒಣಗುತ್ತದೆ, ಕ್ಯಾಪು ಹಾಕದಿದ್ದರೂ ದಿನಗಟ್ಟಲೆ ತಡೆಯುತ್ತದೆ, ಮೇಲೆ ನೀರು ಬಿದ್ದರೂ ಅಕ್ಷರ ಓದಲು ಬರುತ್ತದೆ. ಜೆಲ್ ಇಂಕಿನ ಬುಡ ನೀರು. ಬರೆಯಲು ನುಣ್ಣಗಿರುತ್ತದೆ, ಮಕ್ಕಳ ಪರೀಕ್ಷೆಗೆ ಒಳ್ಳೆಯದು. ಆದರೆ ಅಗ್ಗದ ಜೆಲ್ ಪೆನ್ನಿನಲ್ಲಿ ಬರೆದ ಚೀಟಿ ಬೆವರಿದ ಜೇಬಿನಲ್ಲಿ ಮಧ್ಯಾಹ್ನದ ತನಕ ಇದ್ದರೆ ಸಾಕು, ಅಂಕಿಗಳು ಹರಡಿರುತ್ತವೆ. ಪಿಗ್ಮೆಂಟ್ ಇಂಕಿನ, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿ ಇರುವ ಜೆಲ್ ಪೆನ್ನುಗಳು ಬೇರೆ ಥರ. ಯೂನಿಬಾಲ್ ಸಿಗ್ನೊದಂಥವು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಚೆಕ್ ಬರೆಯಲು ಅದು ಬಹಳ ಒಳ್ಳೆಯದು, ಯಾಕೆಂದರೆ ಬಣ್ಣ ಕಾಗದದ ನಾರಿನೊಳಗೆ ಕೂತುಬಿಡುತ್ತದೆ, ತೊಳೆದು ಅಳಿಸಲು ಬರುವುದಿಲ್ಲ. ದೂಳಿನ ಕೆಲಸಕ್ಕೆ ಮಾತ್ರ ಅದನ್ನೂ ನಾನು ಹೇಳುವುದಿಲ್ಲ. ಒಮ್ಮೆ ತುದಿ ಕೆಳಗಾಗಿ ಬಿದ್ದರೆ ಜೆಲ್ ರಿಫಿಲ್ಲಿನ ಕಥೆ ಹೆಚ್ಚುಕಡಿಮೆ ಮುಗಿಯಿತು.

ಇಂಕ್ ಪೆನ್ನು ಇಷ್ಟಪಡುವವರು ಅದನ್ನು ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ, ಬೈಕಿನ ಮೇಲೆ ಅಲುಗಾಡಿದರೆ ಕ್ಯಾಪಿನೊಳಗೆಲ್ಲ ಶಾಯಿ.

ಇನ್ನೊಂದನ್ನು ಎಚ್ಚರಿಕೆಯಿಂದ ಕೇಳಿ. ಉಜ್ಜಿದರೆ ಅಳಿಸಿಹೋಗುವ ಪೆನ್ನು ಸಿಗುತ್ತದೆ, ಪೈಲಟ್ ಕಂಪನಿಯ ಫ್ರಿಕ್ಸನ್ ಥರದ್ದು. ಅದು ಅಳಿಸುವುದು ಬಿಸಿಗೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಆದರೆ ಬಣ್ಣ ಮಾಯ. ಗದಗ, ಮುಂಡರಗಿ, ರೋಣದ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದು ದೊಡ್ಡ ಮಾತೇನಲ್ಲ. ಅಲ್ಲಿಟ್ಟ ಡೈರಿ ಖಾಲಿಯಾಗಿ ಕಾಣುತ್ತದೆ. ಲೆಕ್ಕ, ರಸೀದಿ, ಸಹಿ, ಯಾವುದಕ್ಕೂ ಅದನ್ನು ಮುಟ್ಟಬೇಡಿ.

ಹಾಗಾದರೆ ಬಾಲ್ ಪೆನ್ನಿಗೆ ದೋಷವೇ ಇಲ್ಲವಾ? ಇದೆ. ಅದರ ಇಂಕು ಕೆಳಗೆ ಇಳಿಯುವುದು ಭಾರಕ್ಕೆ. ಕಾಗದವನ್ನು ಗೋಡೆಗೋ ಲಾರಿ ಬಾಗಿಲಿಗೋ ಒತ್ತಿ ಹಿಡಿದು ಬರೆದರೆ ತುದಿಯಲ್ಲಿ ಗಾಳಿ ಸೇರಿಕೊಂಡು ಪೆನ್ನು ನಿಲ್ಲುತ್ತದೆ. ಎಣ್ಣೆ ಹತ್ತಿದ ಕಾಗದದ ಮೇಲೆ ಬಾಲ್ ಉರುಳುವುದೇ ಇಲ್ಲ, ಜಾರುತ್ತದೆ. ಇದಕ್ಕೆ ಉತ್ತರ ಒತ್ತಡದ ರಿಫಿಲ್. ಅಮೆರಿಕದ ಪಾಲ್ ಫಿಶರ್ 1965ರಲ್ಲಿ ಮಾಡಿದ ರಿಫಿಲ್ಲಿನೊಳಗೆ ನೈಟ್ರೋಜನ್ ಅನಿಲ ತುಂಬಿ ಮುಚ್ಚಿರುತ್ತಾರೆ, ಅದು ಇಂಕನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಇಂಕು ಸೋರದಿರಲು ಅದನ್ನು ಬಹಳ ಗಟ್ಟಿ ಮಾಡಿದ್ದಾರೆ, ಬಾಲ್ ಉರುಳಿದಾಗ ಮಾತ್ರ ಸಡಿಲಾಗುತ್ತದೆ. 1968ರಲ್ಲಿ ಅಪೊಲೊ 7ರ ಜೊತೆ ಬಾಹ್ಯಾಕಾಶಕ್ಕೆ ಹೋದ ಪೆನ್ನು ಇದೇ. ತಲೆಕೆಳಗಾಗಿ, ಒದ್ದೆ ಕಾಗದದ ಮೇಲೆ, ಜಿಡ್ಡಿನ ಮೇಲೂ ಬರೆಯುತ್ತದೆ. ಜಪಾನಿನ ಯೂನಿ ಪವರ್ ಟ್ಯಾಂಕ್ ಕೂಡ ಇದೇ ಜಾತಿ, ಅದರಲ್ಲಿರುವುದು ಒತ್ತಿ ತುಂಬಿದ ಗಾಳಿ. ಬೆಲೆ ಜಾಸ್ತಿ, ಆನ್‌ಲೈನಿನಲ್ಲೇ ತರಿಸಬೇಕಾದೀತು. ದಿನಾ ಗೋಡೆಗೆ ಹಿಡಿದು ಬರೆಯುವವರು, ಮೆಕ್ಯಾನಿಕ್‌ಗಳು, ಮಳೆಯಲ್ಲಿ ಸರ್ವೆ ಮಾಡುವವರು ಕೊಳ್ಳಲಿ. ಉಳಿದವರಿಗೆ ಮಾಮೂಲಿ ಬಾಲ್ ರಿಫಿಲ್ ಸಾಕು.

ಖರೀದಿ ಪತ್ರ, ಕರಾರು ಪತ್ರ ಬರೆಯುವವರು ಒಳ್ಳೆಯ ರಿಫಿಲ್ಲಿನ ಮೇಲೆ ಐಎಸ್‌ಒ 12757-2 ಅಂತ ಇದೆಯಾ ನೋಡಿ. ದಾಖಲೆಗೆ ಯೋಗ್ಯವಾದ ಬಾಲ್ ಪೆನ್ ಇಂಕಿನ ಮಾನದಂಡ ಅದು.

ಹಂತ 3: ಊರಲ್ಲಿ ಸಿಗುವ ಅಳತೆ

ಪೆನ್ನು ಎಷ್ಟೇ ಗಟ್ಟಿ ಇರಲಿ, ಅದರ ರಿಫಿಲ್ ಹಾವೇರಿಯಲ್ಲೋ ಗದಗದಲ್ಲೋ ಸಿಗದಿದ್ದರೆ ಏನು ಪ್ರಯೋಜನ? ಪ್ಲಾಸ್ಟಿಕ್ ಪೆನ್ನುಗಳ ತೆಳ್ಳಗಿನ ಉದ್ದನೆ ರಿಫಿಲ್ಲುಗಳಲ್ಲಿ ಒಂದು ಕಂಪನಿಯದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಪಾರ್ಕರ್ ಥರದ ದಪ್ಪ ರಿಫಿಲ್ ಹಾಗಲ್ಲ. ಉದ್ದ ಸುಮಾರು 98 ಮಿ.ಮೀ. 1954ರ ಪಾರ್ಕರ್ ಜಾಟರ್ ಪೆನ್ನಿನಿಂದ ಹೆಸರಾದ ಈ ಆಕಾರವನ್ನು ಈಗ ಎಷ್ಟೋ ಕಂಪನಿಗಳು ಬಳಸುತ್ತವೆ. ಇದನ್ನು ಜಿ2 ಅಳತೆ ಅಂತಲೂ ಕರೆಯುತ್ತಾರೆ, ಪೈಲಟ್ ಕಂಪನಿಯ ಜಿ2 ಜೆಲ್ ಪೆನ್ನಿಗೂ ಇದಕ್ಕೂ ಸಂಬಂಧವಿಲ್ಲ. ಈ ಅಳತೆಯ ಬಾಡಿ ಕೊಂಡರೆ ಇನ್ನೊಂದು ಲಾಭವಿದೆ: ಫಿಶರ್ ಒತ್ತಡದ ರಿಫಿಲ್ ಜೊತೆ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡು ಬರುತ್ತದೆ, ಅದನ್ನು ಹಿಂದೆ ಸಿಕ್ಕಿಸಿದರೆ ಆ ರಿಫಿಲ್ಲೂ ಇದೇ ಬಾಡಿಯೊಳಗೆ ಕೂರುತ್ತದೆ. ಬೇಸಿಗೆಯಲ್ಲಿ ಸಾದಾ ರಿಫಿಲ್, ಮಳೆಗಾಲದಲ್ಲಿ ಒತ್ತಡದ್ದು. ಪೆನ್ನು ಒಂದೇ.

ಹಂತ 4: ಬಾಡಿ ಮತ್ತು ಕ್ಲಿಪ್ಪು

ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ, ಯಾವುದಾದರೂ ಸರಿ. ಅಗ್ಗದ ಪ್ಲಾಸ್ಟಿಕ್ ಒಡೆಯುವುದು ಎರಡೇ ಕಡೆ, ಕ್ಲಿಪ್ಪಿನ ಬುಡದಲ್ಲಿ ಮತ್ತು ಬಾಡಿಯನ್ನು ತಿರುಗಿಸಿ ಬಿಗಿಯುವ ತಿರುಪಿನಲ್ಲಿ. ಆ ಎರಡೂ ಜಾಗ ಲೋಹದ್ದಾಗಿದ್ದರೆ ಸಾಕು. ಕ್ಲಿಪ್ಪನ್ನು ಎಳೆದು ಬಿಟ್ಟು ನೋಡಿ, ವಾಪಸ್ ಬಿಗಿಯಾಗಿ ಕೂರಬೇಕು.

ಕ್ಯಾಪೋ, ಬಟನ್ನೋ? ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಬರೆಯುವವರಿಗೆ ಬಟನ್ ಪೆನ್ನೇ ಅನುಕೂಲ. ಹತ್ತಿ ಜಿನ್ನಿಂಗ್ ಮಿಲ್ಲು, ಹಿಟ್ಟಿನ ಗಿರಣಿ, ಮೆಣಸಿನಕಾಯಿ ಗೋದಾಮುಗಳಲ್ಲಿ ಮಾತ್ರ ಕ್ಯಾಪು ಇರುವುದು ವಾಸಿ, ಬಟನ್ ಪೆನ್ನಿನ ತೆರೆದ ಬಾಯಿಯಿಂದ ನಾರು, ಪುಡಿ ಒಳಗೆ ಹೋಗಿ ಸ್ಪ್ರಿಂಗಿಗೆ ಸುತ್ತಿಕೊಳ್ಳುತ್ತದೆ. ಹೊಲದಲ್ಲಿ ಓಡಾಡುವವರು ಕೆಂಪು, ಹಳದಿಯಂಥ ಎದ್ದು ಕಾಣುವ ಬಣ್ಣ ಆರಿಸಿ. ಎರೆ ಮಣ್ಣಿನಲ್ಲಿ ಕಪ್ಪು ಪೆನ್ನು ಬಿದ್ದರೆ ಸಿಗುವುದಿಲ್ಲ.

ಲೈನ್‌ಮನ್‌ಗಳು, ಎಲೆಕ್ಟ್ರಿಷಿಯನ್ನರು ದಯವಿಟ್ಟು ಲೋಹದ ಪೆನ್ನು ಬೇಡ. ಕರೆಂಟಿರುವ ಪ್ಯಾನೆಲ್ ಮೇಲೆ ಬಗ್ಗಿದಾಗ ಜೇಬಿನಿಂದ ಜಾರಿದರೆ ಜೀವಕ್ಕೇ ಅಪಾಯ. ನಿಮಗೆ ಗಟ್ಟಿ ಪ್ಲಾಸ್ಟಿಕ್ಕಿನದೇ ಸರಿ. ಆಹಾರದ ಕಾರ್ಖಾನೆಗಳಲ್ಲಿ ಬೇರೆಯದೇ ಪೆನ್ನು ಇದೆ, ಪ್ಲಾಸ್ಟಿಕ್ಕಿನಲ್ಲೇ ಲೋಹದ ಪುಡಿ ಬೆರೆಸಿ ಮಾಡಿದ್ದು. ಅದರ ಚೂರು ಹಿಟ್ಟಿಗೆ ಬಿದ್ದರೂ ಮೆಟಲ್ ಡಿಟೆಕ್ಟರ್ ಹಿಡಿಯುತ್ತದೆ.

ಗಾಜು ಒಡೆಯುವ ಚೂಪು ತುದಿಯ ‘ಟ್ಯಾಕ್ಟಿಕಲ್’ ಪೆನ್ನುಗಳಿಗೆ ದುಡ್ಡು ಹಾಕಬೇಡಿ. ಭಾರ ಜಾಸ್ತಿ, ಜೇಬು ಹರಿಯುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಿತ್ತುಕೊಂಡರೂ ಕೊಂಡರು.

ಹಂತ 5: ಅಂಗಡಿಯಲ್ಲೇ ಪರೀಕ್ಷೆ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೋ, ದುರ್ಗದ ಬೈಲಿಗೋ, ಧಾರವಾಡದ ಸುಭಾಸ ರಸ್ತೆಗೋ ಹೋಗುವಾಗ ನೀವು ದಿನಾ ಬಳಸುವ ಕಾಗದವನ್ನೇ ಜೊತೆಗೆ ಒಯ್ಯಿರಿ. ಅಂಗಡಿಯ ನುಣುಪು ಪ್ಯಾಡಿನ ಮೇಲೆ ಎಲ್ಲ ಪೆನ್ನೂ ಚಂದ ಬರೆಯುತ್ತವೆ, ಅಲ್ವಾ? ನಿಮ್ಮ ಕಾಗದದ ಮೇಲೆ ಅಂಕಿಗಳನ್ನು ಬೇಗ ಬೇಗ ಬರೆಯಿರಿ. ಒಂದು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಉಜ್ಜಿ. ಕಾರ್ಬನ್ ಇಟ್ಟು ಒತ್ತಿ ಬರೆದು ಕೆಳಗಿನ ಪ್ರತಿ ನೋಡಿ. ರಿಫಿಲ್ ಬಿಚ್ಚಿ ಮತ್ತೆ ಹಾಕಿ, ತಿರುಪು ಸಲೀಸಾಗಿ ಕೂರುತ್ತದೆಯಾ ಅಂತ ಖಚಿತ ಮಾಡಿಕೊಳ್ಳಿ. ಪ್ಯಾಕೆಟ್ ಮೇಲೆ ತಯಾರಾದ ತಿಂಗಳು ಇದ್ದರೆ ಓದಿ, ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ರಿಫಿಲ್ಲಿನ ಇಂಕು ಗಟ್ಟಿಯಾಗಿರುತ್ತದೆ.

ಕೊಂಡ ಮೇಲೆ

ದಿನದ ಕೊನೆಗೆ ತುದಿಯನ್ನು ಒಣ ಬಟ್ಟೆಯಿಂದ ಒರೆಸಿ. ಬೈಕಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಡಿ. ನಿಂತ ಬಾಲ್ ಪೆನ್ನಿನ ತುದಿಗೆ ಬೆಂಕಿಕಡ್ಡಿ ಹಿಡಿಯುವ ಅಭ್ಯಾಸ ನಮ್ಮಲ್ಲಿ ತುಂಬ ಕಡೆ ಇದೆ. ಅದರಿಂದ ರಿಫಿಲ್ಲಿನ ಪ್ಲಾಸ್ಟಿಕ್ ಕರಗುತ್ತದೆ, ಕೈಯೂ ಸುಡುತ್ತದೆ. ಅದರ ಬದಲು ಚಪ್ಪಲಿಯ ರಬ್ಬರ್ ತಳದ ಮೇಲೆ ನಾಲ್ಕು ಸುತ್ತು ತಿರುಗಿಸಿ, ಬಾಲ್ ಮತ್ತೆ ಉರುಳಲು ಶುರುವಾಗುತ್ತದೆ. ಎಣ್ಣೆ ಕೈಯವರು ಅಂಗೈ ಕೆಳಗೆ ಒಂದು ರದ್ದಿ ಕಾಗದ ಇಟ್ಟುಕೊಂಡು ಬರೆಯಿರಿ, ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಒಂದು ಹೊಸ ರಿಫಿಲ್ಲನ್ನು, ತುದಿಯ ಮೇಣ ತೆಗೆಯದೆ, ಬಿಲ್ ಬುಕ್ಕಿನ ಬೆನ್ನಿಗೆ ಟೇಪ್ ಹಚ್ಚಿ ಅಂಟಿಸಿಡಿ.