ಕಾಫಿ ಹೂವನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವಾಗ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಒಂದು ಒಳ್ಳೆ ಹೂಮಳೆ ಬಿದ್ದರೆ ಸಾಕು, ವಾರ, ಹತ್ತು ದಿನದಲ್ಲಿ ಮೂಡಿಗೆರೆ ಸುತ್ತಿನ ರೋಬಸ್ಟಾ ತಳಿಯ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಸ್ಪ್ರಿಂಕ್ಲರ್ ಇರುವವರು ಈಗ ಮಳೆಗೆ ಕಾಯುವುದಿಲ್ಲ. ಹಾಗಾಗಿ ಒಂದೊಂದು ತೋಟ ಒಂದೊಂದು ದಿನ ಅರಳುತ್ತದೆ. ನೀರು ಯಾವತ್ತು ಕೊಟ್ಟರು ಅಂತ ತೋಟದ ಲೆಕ್ಕ ಬರೆಯುವ ರೈಟರನ್ನು ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಹೂವು ಬೆಳ್ಳಗೆ ನಿಲ್ಲುವುದು ಕೆಲವೇ ದಿನ, ಆಮೇಲೆ ಕಂದು ತಿರುಗುತ್ತದೆ.

ಕಲರ್ ಫೋಟೋದಲ್ಲಿ ಹಸಿರು ಎಲೆ, ಬಿಳಿ ಹೂವು ತಾವಾಗಿಯೇ ಬೇರೆ ಬೇರೆ ಕಾಣುತ್ತವೆ. ಕಪ್ಪು-ಬಿಳುಪಿನಲ್ಲಿ ಹಾಗಲ್ಲ. ಕಾಫಿ ಎಲೆಗೆ ಎಣ್ಣೆ ಸವರಿದ ಹಾಗೆ ಹೊಳಪಿದೆ. ಆಕಾಶದ ಬೆಳಕು ಬಿದ್ದರೆ ಎಲೆಯೂ ಬಿಳಿ, ಹೂವೂ ಬಿಳಿ. ಯಾವುದು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇಲ್ಲದೆ ನಾನು ತೋಟಕ್ಕೆ ಇಳಿಯುವುದಿಲ್ಲ. ಒಂದೇ ಒಂದು ಎಲೆ ನೋಡುತ್ತಾ ಫಿಲ್ಟರಿನ ಉಂಗುರ ನಿಧಾನ ತಿರುಗಿಸುತ್ತೇನೆ. ಒಂದು ಕಡೆ ಹೊಳಪು ಮಾಯವಾಗಿ ಎಲೆಯ ನರಗಳು ಎದ್ದು ಕಾಣುತ್ತವೆ. ಅಲ್ಲಿಗೆ ನಿಲ್ಲಿಸುತ್ತೇನೆ. ಗೆಣ್ಣು ಗೆಣ್ಣಿಗೂ ಕೂತ ಹೂಗೊಂಚಲು ಆಗ ಕಪ್ಪು ಎಲೆಯ ಮೇಲೆ ಎಸಳು ಎಸಳಾಗಿ ಬಿಡಿಸಿಕೊಳ್ಳುತ್ತದೆ. ಈ ಫಿಲ್ಟರ್ ಒಂದೂವರೆ, ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ, ಜಾಸ್ತಿ ಅಂದರೆ ಎರಡರಷ್ಟು). ನೆರಳು ಮರದ ಕೆಳಗೆ ಟ್ರೈಪಾಡ್ ಬೇಕೇ ಬೇಕು.

ಇನ್ನು ಎಕ್ಸ್‌ಪೋಷರ್, ಅಂದರೆ ಫೋಟೋಗೆ ಎಷ್ಟು ಬೆಳಕು ಕೊಡಬೇಕು ಅನ್ನುವುದು. ಹಿಮದ ಕಾಡು ತೆಗೆಯುವವರು ಒಂದು, ಒಂದೂವರೆ ಸ್ಟಾಪ್ ಜಾಸ್ತಿ ಕೊಡುತ್ತಾರೆ. ಫ್ರೇಮ್ ತುಂಬ ಬಿಳಿಯೇ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ, ಅಲ್ವಾ? ಬೆಳಗಿನ ಮಂಜಿನಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳನ್ನು ತೆಗೆಯುವಾಗ ನಾನೂ ಹಾಗೇ ಮಾಡುತ್ತೇನೆ. ಆದರೆ ಕಾಫಿ ಗಿಡದ ಹತ್ತಿರ ಹೋದರೆ ಲೆಕ್ಕ ತಿರುಗುತ್ತದೆ. ಫ್ರೇಮಿನಲ್ಲಿ ಕಪ್ಪೆಲೆಯೇ ಜಾಸ್ತಿ, ಮೀಟರ್ ಅದನ್ನು ಬೆಳಗಿಸಲು ಹೋಗಿ ಹೂವನ್ನು ಎಸಳೂ ಕಾಣದಷ್ಟು ಬೆಳ್ಳಗೆ ಸುಟ್ಟುಬಿಡುತ್ತದೆ. ಅಲ್ಲಿ ಅರ್ಧ, ಮುಕ್ಕಾಲು ಸ್ಟಾಪ್ ಕಡಿಮೆ ಇಡುತ್ತೇನೆ. ಫೋಟೋದ ಕಪ್ಪು, ಬಿಳಿ ಎಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲಗಡೆ, ಅಂದರೆ ಬಿಳಿಯ ಕಡೆ, ಗೋಡೆಗೆ ತಾಗದಿದ್ದರೆ ಸಾಕು. ಬಿಸಿಲಿನ ಕೋಲುಗಳು ಒಳಗೆ ಬರುವ ಮೊದಲೇ ಕೆಲಸ ಮುಗಿಸುತ್ತೇನೆ.

ಕ್ಯಾಮೆರಾ ಪರದೆಯನ್ನು ಕಪ್ಪು-ಬಿಳುಪಿಗೆ ಹಾಕಿ, ಫೈಲನ್ನು ಮಾತ್ರ ರಾ (RAW, ಸಂಸ್ಕರಿಸದ ಮೂಲ ಫೈಲ್) ಆಗಿ ಇಡುತ್ತೇನೆ. ಬಣ್ಣದ ಮಾಹಿತಿ ಉಳಿದಿರುವುದರಿಂದ ಆಮೇಲೆ ಫೋಟೋ ತಿದ್ದುವಾಗ ಹಸಿರು, ಹಳದಿ ಸ್ಲೈಡರ್ ಇಳಿಸಿದರೆ ಎಲೆ ಇನ್ನಷ್ಟು ಕಪ್ಪಾಗುತ್ತದೆ. ಬಿಳಿ ಹೂವಿಗೆ ಬಣ್ಣವೇ ಇಲ್ಲವಲ್ಲ, ಅದು ಹಾಗೇ ಇರುತ್ತದೆ. ಕಾಂಟ್ರಾಸ್ಟ್ ಸ್ಲೈಡರ್ ಸುಮ್ನೆ ಎಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಒಂದು ಮಾತು ಹೇಳಲೇಬೇಕು. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನುನೊಣವೋ ತರಬೇಕು. ಬೆಳೆಗಾರರಿಗೆ ಇಡೀ ವರ್ಷದ ಫಸಲು ಈ ಕೆಲವು ದಿನದ ಮೇಲೆ ನಿಂತಿದೆ. ಹಾಗಾಗಿ ಗಿಡದ ಸಾಲಿನೊಳಗೆ ನುಗ್ಗಿ ರೆಂಬೆ ಸರಿಸಿ ಫೋಟೋ ತೆಗೆಯಬೇಡಿ. ನಾನು ತೋಟದ ದಾರಿಯಲ್ಲೇ ನಿಂತು 85 ಎಂಎಂ ಲೆನ್ಸ್‌ನಲ್ಲಿ ತೆಗೆಯುತ್ತೇನೆ.