ಬಾಡಿದ ಗಿಡಕ್ಕೆ ನೀರು ಹಾಕುವ ಮೊದಲು

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಡೆಬಿಡದೆ ಮಳೆ ಹೊಯ್ದು ಒಮ್ಮೆಲೇ ಚುರುಕು ಬಿಸಿಲು ಬಂದ್ರೆ ಟೆರೇಸಿನ ಬದನೆ, ಟೊಮೆಟೊ ಎಲ್ಲ ಎಲೆ ಜೋತು ಹಾಕಿ ನಿಲ್ತವೆ. ಕೂಡಲೇ ಜನ ಪೈಪ್ ಹಿಡ್ಕೊಂಡು ಬರ್ತಾರೆ, ಮಂಗಳೂರು ಉಡುಪಿಯ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ, ಮತ್ತೆ ವಾರದೊಳಗೆ ಗಿಡ ಸತ್ತಿರ್ತದೆ. ನೀರು ಕಮ್ಮಿ ಆದ್ರೂ ಗಿಡ ಬಾಡ್ತದೆ, ಹೆಚ್ಚಾದ್ರೂ ಬಾಡ್ತದೆ ಮಾರಾಯ್ರೇ.

ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಹಾಕಿ. ಒಣಗಿದ್ರೆ ನೀರು ಕೊಡಿ, ಮುಗೀತು.

ಮಣ್ಣು ಹಸಿ ಇದ್ದೂ ಗಿಡ ಬಾಡಿದ್ರೆ ಅಲ್ಲೇ ಎಲ್ರೂ ಎಡವೋದು. ಬೇರಿಗೂ ಉಸಿರು ಬೇಕು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಲ್ಲಿ ಆಕ್ಸಿಜನ್ ಸುಮಾರು 10,000 ಪಟ್ಟು ನಿಧಾನ ಹರಡ್ತದೆ, ಹಾಗಾಗಿ ನೀರು ನಿಂತ ಚಟ್ಟಿಯಲ್ಲಿ ಬೇರು ಉಸಿರುಗಟ್ತದೆ, ಅದರ ಜೀವಕೋಶ ಹುಳಿಯಾಗ್ತದೆ, ನೀರು ಒಳಗೆ ಬಿಡುವ ಅಕ್ವಾಪೋರಿನ್ ಅನ್ನುವ ಬಾಗಿಲುಗಳು ಮುಚ್ಕೊಳ್ತವೆ. ಸುತ್ತ ನೀರಿದ್ರೂ ಕುಡಿಯಲಿಕ್ಕೆ ಆಗೋದಿಲ್ಲ. ಟೊಮೆಟೊದಲ್ಲಿ ಇನ್ನೊಂದೂ ಉಂಟು, ಉಸಿರುಗಟ್ಟಿದ ಬೇರು ಒಂದು ರಾಸಾಯನಿಕವನ್ನು ಮೇಲೆ ಕಳಿಸ್ತದೆ, ಎಲೆಯಲ್ಲಿ ಅದು ಎಥಿಲೀನ್ ಅನ್ನುವ ಅನಿಲ ಆಗ್ತದೆ, ಆಗ ಎಲೆತೊಟ್ಟಿನ ಮೇಲ್ಭಾಗ ಬೇಗ ಬೆಳೆದು ಇಡೀ ಎಲೆ ಕೆಳಗೆ ಬಾಗ್ತದೆ. ಹಾಗಾಗಿ ಎಲೆಯನ್ನು ಬರೀ ನೋಡಿದ್ರೆ ಸಾಲದು, ಮುಟ್ಟಿ ನೋಡಿ. ನೀರಿಲ್ಲದ ಗಿಡದ ಎಲೆ ಒದ್ದೆ ಬಟ್ಟೆ ಹಾಗೆ ಮೆತ್ತಗೆ ಇರ್ತದೆ. ನೀರು ಹೆಚ್ಚಾದ ಗಿಡದಲ್ಲಿ ಶುರುವಿಗೆ ತೊಟ್ಟು ಬಾಗಿದ್ರೂ ಎಲೆ ಗಟ್ಟಿಯೇ, ಆಮೇಲೆ ಕೆಳಗಿನ ಎಲೆ ಹಳದಿಯಾಗ್ತದೆ, ಚಟ್ಟಿ ಎತ್ತಿದ್ರೆ ಭಾರ, ಮಣ್ಣು ಕೊಳೆತ ಮೊಟ್ಟೆ ವಾಸನೆ ಹೊಡೀಬಹುದು.

ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಲ್ಲುವ ಗಿಡಕ್ಕೆ ಏನೂ ಮಾಡ್ಬೇಡಿ.

ಬದನೆ, ಟೊಮೆಟೊ, ಮೆಣಸು ಹಸಿರಿರುವಾಗಲೇ ದಿಢೀರ್ ಬಾಡಿದ್ರೆ ಮಾತ್ರ ಬೇರೆ ಸಂಶಯ ಬೇಕು. ಬುಡದ ಹತ್ರ ಕಾಂಡದ ತುಂಡು ಕಡಿದು ಗ್ಲಾಸಿನ ತಿಳಿನೀರಲ್ಲಿ ಅಲ್ಲಾಡಿಸದೆ ಹಿಡಿದು ನಿಲ್ಲಿ. ಸ್ವಲ್ಪ ಹೊತ್ತಲ್ಲಿ ಹಾಲಿನಂಥ ಬಿಳಿ ಎಳೆ ಇಳಿದ್ರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ಔಷಧಿ ಉಂಟು ಅಂತ ಹೇಳಿ ಯಾರು ಮಾರಿದ್ರೂ ತಗೊಳ್ಬೇಡಿ, ಗಿಡ ಕಿತ್ತು ಸುಡಿ, ಅದೇ ಮಣ್ಣಲ್ಲಿ ಇವು ಮೂರನ್ನೂ ಮತ್ತೆ ನೆಡ್ಬೇಡಿ.

ಉಸಿರುಗಟ್ಟಿದ ಗಿಡವಾದ್ರೆ ಚಟ್ಟಿಯನ್ನು ಎರಡು ಇಟ್ಟಿಗೆ ಮೇಲೆ ಏರಿಸಿ, ಅಡಿಯ ತೂತಿಗೆ ಕಡ್ಡಿ ಹಾಕಿ ಬಿಡಿಸಿ, ಕೆಳಗಿನ ತಟ್ಟೆ ಬಿಸಾಡಿ (ಮಳೆಗಾಲದಲ್ಲಿ ತಟ್ಟೆ ಇಡುವ ಚಂದವೇ ಬೇಡ, ಸೊಳ್ಳೆಗೂ ಅದೇ ಮನೆ). ಮಳೆ ಬೀಳದ, ನೆರಳಿರುವ ಜಾಗದಲ್ಲಿ ಇಡಿ, ಬೇರಿಗೆ ಶಕ್ತಿ ಇಲ್ಲದಾಗ ಬಿಸಿಲಿಗೆ ಇಟ್ರೆ ಎಲೆಯಿಂದ ಹೋಗುವ ನೀರು ಭರ್ತಿ ಆಗೋದಿಲ್ಲ. ಯೂರಿಯಾ ಹಾಕ್ಬೇಡಿ. ಲೇಬಲ್ಲಲ್ಲಿ ಏನುಂಟು ಅಂತ ಬರೆಯದ ಬೂಸ್ಟರ್ ಬಾಟ್ಲಿಯೂ ಬೇಡ. ಹೊಸ ಚಿಗುರು ಬಂದ ಮೇಲೆ ಒಂದು ಹಿಡಿ ಹಳೇ ಹಟ್ಟಿಗೊಬ್ಬರ ಸಾಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲ್ಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ, ಅದಕ್ಕೆ ಬೇರೆ ಊರಿನ ವಿಡಿಯೋ ನೋಡಿ ಚಟ್ಟಿ ತುಂಬ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಹಾಕಿದ್ರೆ ಆಗ್ಲಿಕ್ಕಿಲ್ಲ, ಅದು ನೀರು ಹಿಡಿದಿಡ್ತದೆ, ಸರಿ ತೊಳೆಯದ ಅಗ್ಗದ್ದಾದ್ರೆ ಉಪ್ಪೂ ಇರ್ತದೆ. ನನಗೆ ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು), ದಪ್ಪ ಹೊಯ್ಗೆ (ಮರಳು), ಹಟ್ಟಿಗೊಬ್ಬರ ಸಮಸಮ, ಬೇರೇನೂ ಬೇಡ. ಮತ್ತೆ ಬದನೆಗೆ ಅವಸರ ಮಾಡ್ಬೇಡಿ, ಉಡುಪಿ ಹತ್ರದ ಮಟ್ಟುವಿನಲ್ಲಿ ಗುಳ್ಳದ (ಅಲ್ಲಿಯ ದುಂಡು ಬದನೆ) ಸಸಿ ನೆಡೋದೂ ಮಳೆಯ ಜೋರು ಇಳಿದ ಮೇಲೆಯೇ, ಅಲ್ಲಿವರೆಗೆ ಬದನೆಯ ಖಾಲಿ ಚಟ್ಟಿಯನ್ನು ಸೂರಿನಡಿ ಕವುಚಿ ಇಡಿ.