ಹೂಂಗುಟ್ಟಿದ್ದನ್ನು ಒಪ್ಪಿಗೆ ಅಂದುಕೊಂಡಿದ್ದೆ

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಜಪಾನ್, ಜರ್ಮನಿ, ಅಮೆರಿಕದ ಸಹೋದ್ಯೋಗಿಗಳ ಜೊತೆ ದಿನಾ ಕೆಲಸ. ಬಂದ ಹೊಸದರಲ್ಲಿ ಒಂದು ಮೀಟಿಂಗ್‌ನಲ್ಲಿ ಹೊಸ ಪ್ಲಾನ್ ವಿವರಿಸುತ್ತಿದ್ದೆ. ಜಪಾನಿನ ಹಿರಿಯ ಎಂಜಿನಿಯರ್ ಒಬ್ಬರು ಪ್ರತಿ ಮಾತಿಗೂ ತಲೆಯಾಡಿಸಿ ‘ಹಾಯ್, ಹಾಯ್’ ಅನ್ನುತ್ತಿದ್ದರು. ಹಾಯ್ ಅಂದರೆ ಹೌದು ಅಂತ ನನಗೆ ಗೊತ್ತಿತ್ತು. ಎಲ್ಲರೂ ಒಪ್ಪಿದ್ದಾರೆ ಅಂತ ಬರೆದು ಮೇಲ್ ಕಳಿಸಿದೆ. ಹತ್ತು ದಿನ ಕಳೆದರೂ ಅವರ ಕಡೆ ಕೆಲಸ ಶುರುವಾಗಿರಲಿಲ್ಲ. ವಿಚಾರಿಸಿದರೆ, ಅವರ ತಂಡದಲ್ಲಿ ಆ ಬಗ್ಗೆ ಮಾತುಕತೆಯೇ ಮುಗಿದಿರಲಿಲ್ಲ.

ಕಥೆ ಕೇಳುವಾಗ ನಾವು ಹೂಂಗುಟ್ಟುತ್ತೇವಲ್ಲ, ಅವರ ‘ಹಾಯ್’ ಕೂಡ ಅದೇ ಆಗಿತ್ತು. ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ’ ಅಂತ. ಜಪಾನಿ ಭಾಷೆಯಲ್ಲಿ ಇದಕ್ಕೆ ‘ಐಜುಚಿ’ ಅನ್ನುವ ಹೆಸರೇ ಇದೆ. ತಪ್ಪು ಅವರದಲ್ಲ. ಒಪ್ಪಿಗೆ ಇದೆಯಾ ಅಂತ ನಾನು ಕೇಳಿಯೇ ಇರಲಿಲ್ಲ.

ಆಮೇಲೆ ರೂಢಿ ಬದಲಿಸಿಕೊಂಡೆ. ಹೊಸ ವಿಷಯವನ್ನು ನೇರವಾಗಿ ಮೀಟಿಂಗ್‌ಗೆ ತರುವುದಿಲ್ಲ. ಎರಡು ದಿನ ಮೊದಲೇ ಕರಡು ಕಳಿಸಿ, ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡುತ್ತೇನೆ. ಜಪಾನಿನವರು ಇದನ್ನು ‘ನೆಮಾವಾಶಿ’ ಅನ್ನುತ್ತಾರೆ. ಮರವನ್ನು ಕಿತ್ತು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಬಿಡಿಸಿ ಸಿದ್ಧ ಮಾಡುವುದು ಆ ಪದದ ಮೂಲ ಅರ್ಥ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಒಮ್ಮೆ ತೀರ್ಮಾನ ಆದಮೇಲೆ ಕೆಲಸ ಸರಾಗವಾಗಿ ಸಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಜರ್ಮನಿಯ ಸಹೋದ್ಯೋಗಿಯ ಜೊತೆ ಆಗಿದ್ದು ಇದರ ಉಲ್ಟಾ. ನನ್ನ ವರದಿಯ ಪಕ್ಕದಲ್ಲಿ ಅವರು ‘ಇದು ತಪ್ಪು, ಮತ್ತೆ ಬರೆಯಿರಿ’ ಅಂತ ಬರೆದಿದ್ದರು. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. ಎರಡು ದಿನ ಮನಸ್ಸಿಗೆ ಚುಚ್ಚುತ್ತಿತ್ತು. ಮುಂದಿನ ಕರೆಯಲ್ಲಿ ಅವರು ಎಂದಿನಂತೆ ಪ್ರೀತಿಯಿಂದಲೇ ಮಾತಾಡಿದರು. ಅವರು ಹೇಳಿದ್ದು ವರದಿಯ ಬಗ್ಗೆ, ನನ್ನ ಬಗ್ಗೆ ಅಲ್ಲ ಅಂತ ಆಗ ಅರ್ಥವಾಯಿತು. ನನ್ನ ಮಾತೂ ಅವರಿಗೆ ತೊಂದರೆ ಕೊಟ್ಟಿತ್ತು. ಶುಕ್ರವಾರದೊಳಗೆ ಆಗುತ್ತಾ ಅಂತ ಕೇಳಿದಾಗ ‘ಟ್ರೈ ಮಾಡ್ತೀನಿ’ ಅಂದಿದ್ದೆ. ನನ್ನ ಮನಸ್ಸಿನಲ್ಲಿ ಅದು ‘ಆಗಲಿಕ್ಕಿಲ್ಲ’. ಅವರು ಅದನ್ನೇ ನಂಬಿ ಸೋಮವಾರದ ಕೆಲಸ ಹೊಂದಿಸಿಕೊಂಡಿದ್ದರು. ಈಗ ‘ಶುಕ್ರವಾರ ಆಗಲ್ಲ, ಮಂಗಳವಾರ ಕೊಡುತ್ತೇನೆ’ ಅಂತ ನೇರವಾಗಿ ಹೇಳುತ್ತೇನೆ. ಮೊದಮೊದಲು ಬಾಯಿಯೇ ಬರುತ್ತಿರಲಿಲ್ಲ.

ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1976ರಲ್ಲೇ ಈ ವ್ಯತ್ಯಾಸದ ಬಗ್ಗೆ ಬರೆದಿದ್ದಾರೆ. ಕೆಲವು ಕಡೆ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ, ಕೆಲವು ಕಡೆ ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಓದಿದ್ದು ನನಗೆ ಉಪಯೋಗವಾಯಿತು. ಆದರೆ ದೇಶ ನೋಡಿ ಜನರನ್ನು ಅಳೆಯಬಾರದು. ನಮ್ಮ ತಂಡದಲ್ಲಿ ಎಲ್ಲರಿಗಿಂತ ನೇರವಾಗಿ ಮಾತಾಡುವವರು ಜಪಾನಿನ ಒಬ್ಬ ಕಿರಿಯ ಹುಡುಗಿ.

ಸಣ್ಣಪುಟ್ಟ ವಿಷಯಗಳೂ ಇವೆ. 04/05 ಅಂದರೆ ಅಮೆರಿಕದಲ್ಲಿ ಏಪ್ರಿಲ್ 5, ಯುರೋಪಿನಲ್ಲಿ ಹೆಚ್ಚಾಗಿ ಮೇ 4. ಹಾಗಾಗಿ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ. ಬೇಸಿಗೆಯ ಬೆಳಕು ಬಳಸಿಕೊಳ್ಳಲು ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಮೀಟಿಂಗ್ ಸಮಯ ಮತ್ತೆ ನೋಡಲೇಬೇಕು. ‘ಡೌಟ್ ಇದೆ’ ಅನ್ನುವುದನ್ನೂ ಬಿಟ್ಟೆ. ಎದುರಿನವರಿಗೆ ಅದು ಅನುಮಾನ ಅಂತ ಕೇಳಿಸುತ್ತದೆ. ‘ಒಂದು ಪ್ರಶ್ನೆ’ ಅಂದರೆ ಸಾಕು.

‘ಅರ್ಥ ಆಯ್ತಾ?’ ಅಂತಲೂ ಈಗ ಕೇಳುವುದಿಲ್ಲ. ಯಾರಾದರೂ ಆಗಲಿಲ್ಲ ಅಂತಾರಾ? ‘ಇದರಲ್ಲಿ ಯಾವ ಭಾಗ ಕಷ್ಟ ಅನಿಸುತ್ತೆ?’ ಅಂತ ಕೇಳಿ ಸುಮ್ನೆ ಕಾಯುತ್ತೇನೆ. ಆ ಮೌನದಲ್ಲಿ ಮಾತು ತುರುಕದೆ ಇರುವುದು ನಾನು ಕಲಿತದ್ದರಲ್ಲೇ ಕಷ್ಟದ್ದು.

ಹೋದ ತಿಂಗಳು ಅದೇ ಹಿರಿಯ ಎಂಜಿನಿಯರ್ ನನ್ನ ಒಂದು ಪ್ಲಾನ್ ನೋಡಿ ‘ಸ್ವಲ್ಪ ಕಷ್ಟ’ ಅಂದರು. ನಾವೂ ಆಗಲ್ಲ ಅನ್ನುವುದಕ್ಕೆ ಹಾಗೇ ಹೇಳುತ್ತೇವೆ, ಅಲ್ವಾ? ಅಲ್ಲಿಗೇ ನಿಲ್ಲಿಸಿ, ಸಂಜೆ ಅವರೊಬ್ಬರಿಗೇ ಕರೆ ಮಾಡಿದೆ. ಪ್ಲಾನಿನಲ್ಲಿದ್ದ ನಾಲ್ಕು ತೊಂದರೆಗಳನ್ನು ಅವರು ಒಂದೊಂದಾಗಿ ಬಿಡಿಸಿ ಹೇಳಿದರು.